ಬೆಳಗಿಗಾಗಿ ಕಾಯುವುದು: ಕಷ್ಟಕಾಲದಲ್ಲಿ ಕ್ರೈಸ್ತ ನಂಬಿಕೆಯಿಂದ ಮರಳಿ ಬಲ ಪಡೆಯುವ ಹಾದಿ

ಭತ್ತ ಹಾಲುಗಾಳಾಗುವ ಹೊತ್ತಿಗೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮಾಳ ಕಾಯುವ ರಾತ್ರಿಗಳು ಆರಂಭವಾಗುತ್ತವೆ. ಗದ್ದೆಯ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಅಟ್ಟ ಕಟ್ಟಿ, ಮೇಲೆ ಸೋಗೆ ಹೊದಿಸಿದ ಆ ಗೂಡಿನಲ್ಲಿ ಕಂಬಳಿ ಹೊದ್ದು ಕುಳಿತವನು, ಕಾಡುಹಂದಿ ಬಂದ ಸದ್ದಾದಾಗಲೆಲ್ಲ ಡಬ್ಬ ಬಡಿಯುತ್ತಾನೆ, ಕೂಗು ಹಾಕುತ್ತಾನೆ, ಮತ್ತೆ ಸುಮ್ಮನಾಗಿ ಮೂಡಣ ಗುಡ್ಡದ ಕಡೆ ನೋಡುತ್ತಾನೆ. ಬೆಳಕು ಹರಿಸುವುದು ಅವನ ಕೈಯಲ್ಲಿಲ್ಲ. ಎಚ್ಚರವಾಗಿರುವುದು ಮಾತ್ರ ಅವನ ಕೆಲಸ. ಬೈಬಲಿನ 130ನೆಯ ಕೀರ್ತನೆಯನ್ನು ಬರೆದವನಿಗೂ ಇಂಥ ಕಾವಲಿನವರ ಪರಿಚಯವಿತ್ತೆಂದು ತೋರುತ್ತದೆ. ಆಳವಾದ ಸಂಕಟದೊಳಗಿಂದ ದೇವರನ್ನು ಕೂಗುವ ಅವನು, ಕಾವಲುಗಾರರು ಬೆಳಗನ್ನು ಎದುರುನೋಡುವುದಕ್ಕಿಂತಲೂ ಹೆಚ್ಚಾಗಿ ತನ್ನ ಮನಸ್ಸು ದೇವರನ್ನು ಎದುರುನೋಡುತ್ತಿದೆ ಎನ್ನುತ್ತಾನೆ, ಮತ್ತು ಆ ಮಾತನ್ನು ಎರಡು ಸಲ ಹೇಳುತ್ತಾನೆ.

ಕನ್ನಡದ ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಹೇಳುವ ಮೂರು ಸಂಗತಿಗಳು ನಂಬಿಕೆ, ನಿರೀಕ್ಷೆ, ಪ್ರೀತಿ. ನಡುವಿನ ಪದವನ್ನು ನಾನು ಬಹಳ ವರ್ಷ ಗಮನವಿಲ್ಲದೆ ಓದಿಕೊಂಡು ಹೋಗಿದ್ದೆ. ಅದು ಆಸೆಯಲ್ಲ, ಎಲ್ಲವೂ ಸರಿಹೋಗುತ್ತದೆ ಎಂಬ ಸಮಾಧಾನದ ಮಾತೂ ಅಲ್ಲ. ನಿರೀಕ್ಷಿಸುವುದೆಂದರೆ ಕಣ್ಣು ತೆರೆದು, ಬರಬೇಕಾದವನ ದಾರಿಯನ್ನು ನೋಡುತ್ತಾ ಇರುವುದು. ಅದು ಒಂದು ಮನಸ್ಥಿತಿ ಎನ್ನುವುದಕ್ಕಿಂತ ಪ್ರತಿದಿನ ಮಾಡುವ ಕೆಲಸ ಎಂದರೆ ಹೆಚ್ಚು ಸರಿ. ಮನಸ್ಸಿನಲ್ಲಿ ಉತ್ಸಾಹ ಇಲ್ಲದವನೂ ಈ ಕೆಲಸವನ್ನು ಮಾಡಬಹುದು. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

2022ರಲ್ಲಿ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಹಬ್ಬಿತು. ಅದೇ ಮಳೆಗಾಲದಲ್ಲಿ ನನ್ನ ಅಣ್ಣ ತೀರಿಕೊಂಡನು. ಸಾಲದ ಕಂತು, ಅತ್ತಿಗೆಯ ಮೌನ, ಹಳದಿಯಾಗಿ ಒಣಗಿ ಜೋತುಬಿದ್ದ ಸೋಗೆಗಳು, ಇವುಗಳ ನಡುವೆ ನಾನು ಏಳೆಂಟು ತಿಂಗಳು ಪ್ರಾರ್ಥಿಸಲಾರದೆ ಇದ್ದೆ. ಆ ದಿನಗಳಲ್ಲಿ ನನಗೆ ನೆರವಾದದ್ದನ್ನು, ಆಮೇಲೆ ಬೇರೆಯವರ ಮನೆಗಳಲ್ಲಿ ನೆರವಾದದ್ದನ್ನು ನೋಡಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಕೆಲಸ ಕಳೆದುಕೊಂಡ ಭದ್ರಾವತಿಯ ಕುಟುಂಬವಿರಲಿ, ಮಂಗನ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡವರಿರಲಿ, ದುಃಖದ ಮುಖ ಬೇರೆ ಬೇರೆಯಾದರೂ ಮೊದಲ ಹೆಜ್ಜೆ ಎಲ್ಲರಿಗೂ ಒಂದೇ.

ಮೊದಲು ಊಟ, ನಿದ್ರೆ, ವೈದ್ಯರು

ಸಂಕಟ ಬಂದ ಕೂಡಲೇ ಉಪವಾಸ ಹಿಡಿದು ರಾತ್ರಿಯಿಡೀ ಪ್ರಾರ್ಥಿಸಬೇಕೆಂದು ಭಾವಿಸುವವರಿದ್ದಾರೆ. ಬೈಬಲು ಅದಕ್ಕಿಂತ ಕರುಣೆಯುಳ್ಳದ್ದು. ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಪ್ರಾಣಭಯದಿಂದ ಓಡಿ ಬಂದು, ಅಡವಿಯ ಒಂದು ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ದೇವರನ್ನು ಬೇಡಿಕೊಂಡು ಮಲಗಿಬಿಡುತ್ತಾನೆ. ದೇವದೂತನು ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ, ನಂಬಿಕೆ ಸಾಲದೆಂದು ಗದರಿಸುವುದಿಲ್ಲ. ಮೈ ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯನು ತಿಂದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲ ಬಂದು ಮತ್ತೆ ಊಟಕ್ಕೆ ಎಬ್ಬಿಸುತ್ತಾನೆ. ದೇವರು ಅವನೊಡನೆ ಮಾತನಾಡಿದ್ದು ಇದಾದ ಮೇಲೆ, 40 ದಿನಗಳ ನಡಿಗೆ ಮುಗಿದ ಬಳಿಕ.

ಆದ್ದರಿಂದ ಮೊದಲ ಮೂರು ನಾಲ್ಕು ದಿನ ದೊಡ್ಡ ಭಕ್ತಿಯ ಯಾವ ಸಂಕಲ್ಪವೂ ಬೇಡ. ಹೊತ್ತಿಗೆ ಸರಿಯಾಗಿ ಗಂಜಿಯನ್ನಾದರೂ ಕುಡಿಯಿರಿ, ಬಚ್ಚಲ ಒಲೆಯ ಬಿಸಿನೀರಿನಲ್ಲಿ ಸ್ನಾನ ಮಾಡಿ, ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ. ಊಟಕ್ಕೆ ಕುಳಿತಾಗ ಶಿಲುಬೆಯ ಗುರುತು ಹಾಕಿಕೊಂಡು ಅಥವಾ ಕಣ್ಣು ಮುಚ್ಚಿ, ಈ ಅನ್ನ ನಿನ್ನದು ಎಂಬ ಒಂದು ಮಾತು ಹೇಳಿದರೆ ಆ ದಿನಕ್ಕೆ ಅಷ್ಟು ಪ್ರಾರ್ಥನೆ ಸಾಕು.

ನಿದ್ರೆ ಬಾರದ ಸ್ಥಿತಿ, ಊಟ ಸೇರದ ಸ್ಥಿತಿ, ಯಾವುದರಲ್ಲೂ ಮನಸ್ಸಿಲ್ಲದ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ದೇವರ ಮೇಲಿನ ಅಪನಂಬಿಕೆಯಲ್ಲ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದನ್ನು ಬರೆದ ಲೂಕನೇ ವೈದ್ಯನಾಗಿದ್ದನು ಎಂಬುದನ್ನು ನೆನಪಿಡಿ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಅದನ್ನು ಇವತ್ತೇ ಮನೆಯ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ತೋಟದ ಮನೆಯಲ್ಲಿರುವ ಕಳೆನಾಶಕ, ಕೀಟನಾಶಕ, ಮೈಲುತುತ್ತವನ್ನೆಲ್ಲ ಪಕ್ಕದ ಮನೆಗೆ ಸಾಗಿಸಲು ಹೇಳಿ. ನನ್ನ ಅತ್ತಿಗೆ ಯಾರನ್ನೂ ಕೇಳದೆ ಒಂದು ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಅಟ್ಟದಿಂದ ಆ ಡಬ್ಬಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತುಕೊಂಡು ಹೋಗುವುದನ್ನು ನಾನು ಜಗಲಿಯಲ್ಲಿ ಕುಳಿತು ನೋಡಿದ್ದೇನೆ. ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ನನಗಾಗಿ ಆ ವರ್ಷ ಯಾರೂ ಮಾಡಲಿಲ್ಲ.

ಗೋಳನ್ನು ಗೋಳಾಗಿಯೇ ಹೇಳುವುದು

ಎರಡನೆಯ ಹೆಜ್ಜೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಹಳ ಮಂದಿ ವಿಶ್ವಾಸಿಗಳು ಇದನ್ನು ಬಿಟ್ಟು ಮುಂದೆ ಹೋಗಲು ನೋಡುತ್ತಾರೆ. ಸಾವಿನ ಮನೆಯಲ್ಲಿ, ಎಲ್ಲವೂ ದೇವರ ಚಿತ್ತ ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಕೇಳಿದವನ ಅಳು ಅಲ್ಲಿಗೆ ಗಂಟಲಲ್ಲಿ ನಿಂತುಬಿಡುತ್ತದೆ. ದೇವರ ಮುಂದೆ ಅಳುವುದೇ ತಪ್ಪೇನೋ ಎಂದು ಅವನಿಗೆ ಅನ್ನಿಸತೊಡಗುತ್ತದೆ.

ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳಿನ ಪ್ರಾರ್ಥನೆಗಳು. 13ನೆಯ ಕೀರ್ತನೆಯಲ್ಲಿರುವುದು ಕೇವಲ ಆರು ವಚನಗಳು. ಮೊದಲ ಎರಡು ವಚನಗಳಲ್ಲಿಯೇ, ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯ ಕೀರ್ತನೆಯಂತೂ ಕೊನೆಯವರೆಗೂ ಸಮಾಧಾನದ ಕಡೆ ತಿರುಗುವುದೇ ಇಲ್ಲ, ಕತ್ತಲೆಯ ಮಾತಿನಲ್ಲಿಯೇ ಮುಗಿದುಹೋಗುತ್ತದೆ. ಇಂಥ ಪ್ರಾರ್ಥನೆಯನ್ನೂ ಪವಿತ್ರಗ್ರಂಥದೊಳಗೆ ಉಳಿಸಿಕೊಂಡ ಜನರಿಗೆ ದುಃಖವೆಂದರೆ ಏನೆಂದು ತಿಳಿದಿತ್ತು. ತಪ್ಪಿಲ್ಲದೆ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಕಥೆ ಹೇಳುವ ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಎದುರು ಮಾತಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ಉದ್ದುದ್ದ ವಾದಿಸಿದ ಅವನ ಗೆಳೆಯರ ಮೇಲೆ. ಮತ್ತು ಯೇಸುಸ್ವಾಮಿಯು ಶಿಲುಬೆಯ ಮೇಲೆ, ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ ಎಂದು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು. ಪ್ರಾಣ ಹೋಗುವ ಹೊತ್ತಿನಲ್ಲಿ ಅವನ ಬಾಯಿಗೆ ಬಂದದ್ದು ಎಳವೆಯಿಂದ ಬಾಯಿಪಾಠವಾಗಿದ್ದ ಒಂದು ಗೋಳಿನ ಹಾಡು.

ಮಾಡಬೇಕಾದದ್ದು ಇಷ್ಟು. ಒಂದು ನೋಟುಪುಸ್ತಕ ತೆಗೆದುಕೊಳ್ಳಿ. 13ನೆಯ ಕೀರ್ತನೆಯನ್ನು ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ, ಎಷ್ಟರವರೆಗೆ ಎಂಬ ಪದದಿಂದ ಆರಂಭವಾಗುವ ನಿಮ್ಮದೇ ನಾಲ್ಕು ವಾಕ್ಯಗಳನ್ನು ಬರೆಯಿರಿ. ಅವು ನಿಮ್ಮ ಮನೆಯ ಸಂಗತಿಗಳೇ ಆಗಿರಲಿ. ನನ್ನ ಪುಸ್ತಕದಲ್ಲಿ, ಎಷ್ಟರವರೆಗೆ ಈ ಕಂತಿನ ನೋಟೀಸು, ಎಷ್ಟರವರೆಗೆ ಅತ್ತಿಗೆ ಎರಡು ತಟ್ಟೆ ಹಾಕಿ ಆಮೇಲೆ ಒಂದನ್ನು ತೆಗೆದಿಡುವುದು ಎಂದು ಬರೆದಿದ್ದೇನೆ. ಬರೆದದ್ದನ್ನು ದೇವರಿಗೆ ಓದಿ ಹೇಳಿ, ಪುಸ್ತಕ ಮುಚ್ಚಿ, ಏಳಿ. ಉತ್ತರಕ್ಕಾಗಿ ಅಲ್ಲಿಯೇ ಕುಳಿತಿರಬೇಕಾಗಿಲ್ಲ. ಬರೆಯಲು ಬಾರದವರು ಬಾಯಿಯಲ್ಲಿಯೇ ಹೇಳಬಹುದು. ತೋಟದ ನಡುವೆ ನಿಂತು ಹೇಳಿದರೂ ಆದೀತು. ಮಾತೇ ಹೊರಡದಿದ್ದರೆ, ನಮ್ಮ ಮಾತಿಗೆ ಎಟುಕದ ನರಳಾಟದಲ್ಲಿ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿದೆ. ನರಳುವುದೂ ಪ್ರಾರ್ಥನೆಯೇ.

ಊರು ಮುಳುಗಿ ನೆಲೆ ತಪ್ಪಿದವರಿಗೆ 137ನೆಯ ಕೀರ್ತನೆ ಹತ್ತಿರವಾದೀತು. ಸ್ವಂತ ನಾಡಿನಿಂದ ಸೆರೆಯಾಗಿ ಹೋಗಿ ಬಾಬೆಲಿನ ನದಿಗಳ ಬಳಿ ಕುಳಿತು ಅತ್ತವರ ಹಾಡು ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ನಮ್ಮ ಜಿಲ್ಲೆಯಲ್ಲಿ ಆ ಹಾಡಿಗೆ ವಿವರಣೆ ಬೇಕಾಗಿಲ್ಲ.

ಸ್ವಲ್ಪವೇ ಓದಿ, ಮೆಲುಕು ಹಾಕುವುದು

ಗೋಳು ಹೇಳಿಕೊಂಡವನಿಗೆ ನಿಧಾನವಾಗಿ ಕೇಳುವ ಶಕ್ತಿಯೂ ಬರುತ್ತದೆ. ಆಗ ಓದು ಆರಂಭಿಸಬೇಕು, ಆದರೆ ಹೆಚ್ಚು ಓದಬಾರದು. ದಿನಕ್ಕೆ ಹತ್ತು ಹದಿನೈದು ನಿಮಿಷ, ಎಂಟು ಹತ್ತು ವಚನ ಸಾಕು. ಹಾಲು ಕರೆದು ಬಂದ ಮೇಲೆ ಎಂದೋ, ದೀಪ ಹಚ್ಚಿದ ಮೇಲೆ ಎಂದೋ, ಈಗಾಗಲೇ ದಿನವೂ ಮಾಡುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಬಿಟ್ಟರೆ ಮರೆಯುವುದಿಲ್ಲ.

ಓದುವ ಕ್ರಮವನ್ನು ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಫ್ರಾನ್ಸಿನ ಮಠವಾಸಿ ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದನು: ಓದುವುದು, ಧ್ಯಾನಿಸುವುದು, ಪ್ರಾರ್ಥಿಸುವುದು, ದೇವರ ಮುಂದೆ ಸುಮ್ಮನಿರುವುದು. ಆ ಕಾಲದ ಮಠಗಳಲ್ಲಿ ಎರಡನೆಯ ಮೆಟ್ಟಿಲಿಗೆ ಹಸು ಮೆಲುಕು ಹಾಕುವುದನ್ನೇ ಹೋಲಿಕೆಯಾಗಿ ಹೇಳುತ್ತಿದ್ದರು. ನಮ್ಮ ಮಲೆನಾಡು ಗಿಡ್ಡ ಹಸು ಹಗಲೆಲ್ಲ ಬೇಣದಲ್ಲಿ ಅವಸರವಾಗಿ ಮೇಯುತ್ತದೆ. ಸಂಜೆ ಕೊಟ್ಟಿಗೆಗೆ ಬಂದು ದರಕಿನ ಮೇಲೆ ಮಲಗಿ, ಕಣ್ಣು ಅರೆಮುಚ್ಚಿ, ಒಂದು ತುತ್ತನ್ನು ಮೇಲೆ ತಂದು, ಎಡಕ್ಕೂ ಬಲಕ್ಕೂ ದವಡೆ ಆಡಿಸಿ, ನುಂಗಿ, ತುಸು ಹೊತ್ತು ಬಿಟ್ಟು ಇನ್ನೊಂದು ತುತ್ತನ್ನು ತರುತ್ತದೆ. ಮೈಗೆ ಹತ್ತುವುದು ಆ ಎರಡನೆಯ ಅಗಿಯುವಿಕೆಯಿಂದ. ಹಾಗೆಯೇ, ಓದಿದ ಭಾಗದಲ್ಲಿ ಮನಸ್ಸಿಗೆ ತಾಗಿದ ಒಂದೇ ಒಂದು ಪದವನ್ನೋ ಸಾಲನ್ನೋ ತೆಗೆದುಕೊಂಡು, ಅಡಿಕೆ ಸುಲಿಯುವಾಗ, ಬಸ್ಸಿಗಾಗಿ ಕಾಯುವಾಗ ಅದನ್ನೇ ಮತ್ತೆ ಮತ್ತೆ ನೆನೆಯಬೇಕು.

ಕನ್ನಡದಲ್ಲಿಯೇ ಓದಿ, ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಪೂರ್ಣ ಬೈಬಲು ಕನ್ನಡದಲ್ಲಿ ಬಂದದ್ದು 1831ರಲ್ಲಿ. ಅಂದಿನಿಂದ ಅದರ ವಾಕ್ಯಗಳಿಗೆ ನಮ್ಮ ಮಾತಿನ ಲಯ ಕೂಡಿಕೊಂಡಿದೆ. ನಮ್ಮಂತೆ ಮನೆಯಲ್ಲಿ ಕೊಂಕಣಿ ಆಡುವವರೂ, ಮಲಯಾಳ ಆಡುವವರೂ ದುಃಖದ ಹೊತ್ತಿನಲ್ಲಿ ತಮಗೆ ಯಾವ ನುಡಿಯಲ್ಲಿ ಅಳು ಬರುತ್ತದೆಯೋ ಆ ನುಡಿಯಲ್ಲಿ ಓದುವುದು ಒಳ್ಳೆಯದು.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲ ವಾರ 13, 23, 42 ಮತ್ತು 130ನೆಯ ಕೀರ್ತನೆಗಳನ್ನು ಸುತ್ತಿ ಸುತ್ತಿ ಓದಿ. ಆಮೇಲೆ ಮಾರ್ಕನ ಸುವಾರ್ತೆ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು. ಅದು ಮುಗಿದ ಮೇಲೆ ಲೂಕನ 24ನೆಯ ಅಧ್ಯಾಯ, ಯೋಹಾನನ 20 ಮತ್ತು 21ನೆಯ ಅಧ್ಯಾಯಗಳು, ಕೊನೆಗೆ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ. ಬೈಬಲಿನ ಕೊನೆಯದಾದ ಪ್ರಕಟನೆ ಗ್ರಂಥವನ್ನು ಈ ದಿನಗಳಲ್ಲಿ ಒಬ್ಬರೇ ಓದಲು ಹೋಗಬೇಡಿ. ಕುಗ್ಗಿದ ಮನಸ್ಸು ಅದರಲ್ಲಿ ಬರೀ ಭಯವನ್ನೇ ಹೆಕ್ಕಿಕೊಳ್ಳುತ್ತದೆ.

ಲೂಕನ 24ನೆಯ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲಬೇಕು. ಯೇಸು ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಜೆರುಸಲೇಮನ್ನು ಬಿಟ್ಟು ಎಮ್ಮಾವು ಎಂಬ ಹಳ್ಳಿಗೆ ನಡೆದು ಹೋಗುತ್ತಿರುತ್ತಾರೆ. ಜೊತೆಗೆ ಬಂದ ಅಪರಿಚಿತನೊಡನೆ, ಇಸ್ರಾಯೇಲನ್ನು ಬಿಡಿಸತಕ್ಕವನು ಇವನೇ ಎಂದು ನಾವು ನಿರೀಕ್ಷಿಸಿದ್ದೆವು ಎನ್ನುತ್ತಾರೆ. ನಿರೀಕ್ಷೆ ಅಲ್ಲಿ ಭೂತಕಾಲಕ್ಕೆ ಸೇರಿಬಿಟ್ಟಿದೆ. ಕಷ್ಟದಲ್ಲಿರುವವರ ಮಾತನ್ನು ಗಮನವಿಟ್ಟು ಕೇಳಿದರೆ ಈ ಕ್ರಿಯಾಪದ ಕಿವಿಗೆ ಬೀಳುತ್ತದೆ: ಅಂದುಕೊಂಡಿದ್ದೆವು, ನಂಬಿಕೊಂಡಿದ್ದೆವು. ಆ ಅಪರಿಚಿತನು ಎದ್ದುಬಂದ ಯೇಸುವೇ ಆಗಿದ್ದರೂ ತಟ್ಟನೆ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಅವರ ಕಥೆಯನ್ನು ಪೂರ್ತಿ ಹೇಳಗೊಡುತ್ತಾನೆ, ಅವರ ವೇಗಕ್ಕೆ ನಡೆಯುತ್ತಾನೆ, ಹೊತ್ತು ಇಳಿದ ಮೇಲೆ ಅವರ ಜೊತೆ ಊಟಕ್ಕೆ ಕುಳಿತು ರೊಟ್ಟಿ ಮುರಿಯುವಾಗ ಗುರುತು ಸಿಗುತ್ತಾನೆ. ಕ್ರೈಸ್ತರ ನಿರೀಕ್ಷೆಯ ಬುಡ ಇರುವುದು ಇಲ್ಲಿಯೇ. ಸತ್ತವನು ಎದ್ದನು ಎಂಬ ಒಂದು ಸಂಗತಿಯ ಮೇಲೆ ಅದು ನಿಂತಿದೆಯೇ ಹೊರತು ನಮ್ಮ ಪರಿಸ್ಥಿತಿ ಬೇಗ ಸುಧಾರಿಸೀತೆಂಬ ಲೆಕ್ಕಾಚಾರದ ಮೇಲೆ ಅಲ್ಲ. ಎದ್ದ ಮೇಲೂ ಅವನ ಕೈಗಳಲ್ಲಿ ಮೊಳೆಯ ಗಾಯಗಳು ಉಳಿದಿದ್ದವೆಂದು ಯೋಹಾನನು ಬರೆದದ್ದು ನನಗೆ ಬಹಳ ಬಲ ಕೊಟ್ಟಿದೆ. ಅಣ್ಣನಿಲ್ಲದ ಗಾಯ ಅಳಿಸಿಹೋಗಬೇಕೆಂದು ದೇವರು ನನ್ನಿಂದ ಕೇಳುತ್ತಿಲ್ಲ.

ಹೊತ್ತುಕೊಂಡು ಹೋಗುವವರು

ನಂಬಲಾರದ ದಿನ ನಿಮ್ಮ ಪಾಲಿನ ನಂಬಿಕೆಯನ್ನು ಬೇರೆಯವರು ಹೊರಬಹುದು. ಇದು ನಾನು ಕಟ್ಟಿದ ಮಾತಲ್ಲ. ಮಾರ್ಕನ 2ನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಿಂದ ಬಾಗಿಲಿಗೆ ಹೋಗಲಾಗದೆ, ಮಾಡನ್ನು ತೆರೆದು ಅವನನ್ನು ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಅಲ್ಲಿ ಬರೆದಿದೆ. ಮಲಗಿದ್ದವನು ಒಂದು ಮಾತನ್ನೂ ಆಡಿಲ್ಲ. ಇದೇ ಕಥೆಯನ್ನು ಹೇಳುವ ಲೂಕನು ಅವರು ಹೆಂಚು ತೆಗೆದರೆನ್ನುತ್ತಾನೆ. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಹೆಂಚು ಕೈಯಾಡಿಸಿದವರಿಗೆ ಆ ನಾಲ್ವರ ಕೆಲಸ ಎಷ್ಟು ದೊಡ್ಡದೆಂದು ಗೊತ್ತು.

ನಮ್ಮ ವಾಳೆಯಲ್ಲಿ, ಅಂದರೆ ದೇವಾಲಯಕ್ಕೆ ಸೇರಿದ ನಮ್ಮ ಕೇರಿಯ ಮನೆಗಳ ಗುಂಪಿನಲ್ಲಿ, ಎಂಬತ್ತು ದಾಟಿದ ಒಬ್ಬ ಬಾಯಮ್ಮ ಇದ್ದಾರೆ. ಅಣ್ಣನ ತಿಂಗಳ ಪೂಜೆಯ ಸಂಜೆ ಮನೆಯಲ್ಲಿ ಜಪಸರ, ಅಂದರೆ ಮಣಿ ಎಣಿಸುತ್ತಾ ಹೇಳುವ ಮಾತೆ ಮರಿಯಳ ಪ್ರಾರ್ಥನೆ, ಹೇಳುವಾಗ ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಅವರು ಪಕ್ಕಕ್ಕೆ ಸರಿದು ಬಂದು, ಮಗಾ, ಇವತ್ತು ನಿನ್ನ ಪಾಲಿನದನ್ನೂ ನಾನೇ ಹೇಳುತ್ತೇನೆ, ನೀನು ಮಣಿ ಹಿಡಿದುಕೊಂಡು ಸುಮ್ಮನೆ ಕೂತಿರು ಎಂದರು. ಜಪಸರದ ಐದು ಭಾಗಗಳಾದ ಐದು ರಹಸ್ಯಗಳೂ ಮುಗಿಯುವವರೆಗೆ ನಾನು ಮಾಡಿದ್ದು ಅಷ್ಟೇ, ಒಂದೊಂದಾಗಿ ಮಣಿ ಸರಿಸಿದ್ದು.

ಆದ್ದರಿಂದ ಮನಸ್ಸಿಲ್ಲದಿದ್ದರೂ ಭಾನುವಾರ ದೇವಾಲಯಕ್ಕೆ ಹೋಗಿ ಕೊನೆಯ ಬೆಂಚಿನಲ್ಲಾದರೂ ಕುಳಿತುಕೊಳ್ಳಿ. ಹಾಡಲಾಗದಿದ್ದರೆ ಕೇಳಿ. ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಂಥ ದೊಡ್ಡ ಗುಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಅತ್ತು ಎದ್ದು ಬರಬಹುದು. ಹಳ್ಳಿಯ ಸಣ್ಣ ದೇವಾಲಯದಲ್ಲಾದರೆ ಯಾರಾದರೂ ಗೇಟಿನ ತನಕ ಜೊತೆಗೆ ಬರುತ್ತಾರೆ. ಎರಡಕ್ಕೂ ಅದರದರ ಹೊತ್ತಿದೆ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವೂ, 2007ರಲ್ಲಿ ಕೇರಳ ಮೂಲದ ಕಥೋಲಿಕರಿಗಾಗಿ ಭದ್ರಾವತಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯವೂ ಆದ ಮೇಲೆ ಗುರುಗಳು ಮೊದಲಿಗಿಂತ ಕೈಗೆಟಕುವಂತಿದ್ದಾರೆ. ಪ್ರಾಟೆಸ್ಟೆಂಟರಾದ ದಕ್ಷಿಣ ಭಾರತ ಸಭೆಯವರು ತಮ್ಮ ಸಭಾಪಾಲಕರನ್ನು ಕರೆಯಬಹುದು. ದಿನಕ್ಕೆ ಎರಡೇ ಬಸ್ಸು ಬರುವ ಊರಿನವರು ವಾಳೆಯ ಮುಖ್ಯಸ್ಥರಾದ ಗುರ್ಕಾರರಿಗೆ ಹೇಳಿ ಕಳಿಸಿದರೆ ಸಾಕು. ಹೇಳುವಾಗ ಸುತ್ತು ಬಳಸು ಬೇಡ: ನನಗೆ ಕಷ್ಟವಾಗಿದೆ, ಪ್ರಾರ್ಥಿಸಲು ಆಗುತ್ತಿಲ್ಲ, ಒಮ್ಮೆ ಬನ್ನಿ ಎಂಬ ಒಂದು ವಾಕ್ಯ ಸಾಕು. ಗೆತ್ಸೆಮನೆ ತೋಪಿನಲ್ಲಿ ಯೇಸುವೇ ಮೂವರನ್ನು ಕರೆದು, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು, ಕೇಳುವುದರಲ್ಲಿ ನಾಚಿಕೆಯಿಲ್ಲ.

ಕಾಯಿಲೆಯಲ್ಲಿರುವವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ಯಾಕೋಬನ ಪತ್ರದ 5ನೆಯ ಅಧ್ಯಾಯ ಹೇಳುತ್ತದೆ. ಅಭ್ಯಂಗ ಸಂಸ್ಕಾರವೆಂದರೆ ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯಿಂದ ಗುರುಗಳನ್ನು ಕರೆಯಲು ಮನೆಯವರು ಹೆದರುವುದುಂಟು. ದೊಡ್ಡ ಕಾಯಿಲೆ ಬಿದ್ದವರೂ, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರೂ ಅದನ್ನು ಪಡೆಯಬಹುದು. ಆದರೆ ಪ್ರಾರ್ಥಿಸುತ್ತೇನೆ, ಮಾತ್ರೆ ನಿಲ್ಲಿಸು ಎನ್ನುವವರಿಂದಲೂ, ಇಷ್ಟು ಕಾಣಿಕೆ ಕೊಟ್ಟರೆ ಗುಣವಾಗುತ್ತದೆ ಎನ್ನುವವರಿಂದಲೂ ದೂರವಿರಿ. ಅವರು ಯಾವ ಹೆಸರಿನಲ್ಲಿ ಬಂದರೂ ಬಾಗಿಲಲ್ಲಿಯೇ ನಿಲ್ಲಿಸಿ ಕಳಿಸಬೇಕು.

ತಪ್ಪು ನಮ್ಮದೇ ಆಗಿದ್ದರೆ

ಎಲ್ಲ ಕಷ್ಟವೂ ಹೊರಗಿನಿಂದ ಬರುವುದಿಲ್ಲ. ಕುಡಿತದಿಂದ, ಸುಳ್ಳಿನಿಂದ, ಸಿಟ್ಟಿನಲ್ಲಿ ಆಡಿದ ಮಾತಿನಿಂದ ಮನೆ ಒಡೆದವರಿಗೆ ಗೋಳಿನ ಜೊತೆ ಪಶ್ಚಾತ್ತಾಪವೂ ಬೇಕು. ಯೇಸುವನ್ನು ಹಿಡಿದ ರಾತ್ರಿ ಅವನ ಶಿಷ್ಯ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಇದ್ದಲ ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಮೂರು ಸಲ, ನಾನು ಅವನನ್ನು ಅರಿಯೆನು ಎಂದನು. ಎದ್ದ ಯೇಸು ಗಲಿಲಾಯ ಸರೋವರದ ದಡದಲ್ಲಿ ಮತ್ತೆ ಇದ್ದಲ ಕೆಂಡವನ್ನೇ ಹಚ್ಚಿ, ಮೀನು ಸುಟ್ಟು, ಬಂದು ಊಟ ಮಾಡಿರಿ ಎಂದು ಕರೆದು, ಊಟವಾದ ಮೇಲೆ ಅವನನ್ನು ಮೂರು ಸಲ ಕೇಳಿದನು: ನನ್ನನ್ನು ಪ್ರೀತಿಸುತ್ತೀಯಾ? ತಪ್ಪು ನಡೆದ ಜಾಗವನ್ನು ತಪ್ಪಿಸಿಕೊಂಡು ಹೋಗದೆ ಅಲ್ಲಿಯೇ ಗುಣಪಡಿಸುವ ಕ್ರಮವಿದು. ಕಥೋಲಿಕರು ಗುರುಗಳ ಬಳಿ ಪಾಪನಿವೇದನೆಗೆ ಹೋಗಲಿ. ಇತರರು ಸಭಾಪಾಲಕರ ಬಳಿ ಅಥವಾ ನಂಬಿಕೆಯ ಹಿರಿಯರೊಬ್ಬರ ಬಳಿ ಬಾಯಿಬಿಟ್ಟು ಹೇಳಲಿ. ಆಮೇಲೆ ನೊಂದವರ ಮನೆಗೂ ಹೋಗಬೇಕು. ದೇವರಲ್ಲಿ ಕ್ಷಮೆ ಕೇಳಿ ಮನುಷ್ಯರಲ್ಲಿ ಕೇಳದೆ ಉಳಿದರೆ ಅರ್ಧ ಕೆಲಸ ಬಾಕಿಯಿದೆ.

ಕತ್ತಲಲ್ಲಿ ತೋಟ ಮಾರಬೇಡಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕದನದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡು, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸಲು ಕಲಿತ, ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ ಒಂದು ನಿಯಮವನ್ನು ಬರೆದಿಟ್ಟನು: ಮನಸ್ಸು ಬರಡಾದ ಕಾಲದಲ್ಲಿ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು. ಸಂಬಂಧ ಕಡಿದುಕೊಳ್ಳುವುದು, ಮಗಳ ಓದು ಬಿಡಿಸುವುದು, ತೋಟ ಮಾರುವುದು, ದೇವಾಲಯಕ್ಕೆ ಹೋಗುವುದನ್ನು ನಿಲ್ಲಿಸುವುದು, ಇಂಥ ಯಾವುದನ್ನೂ ಆ ದಿನಗಳಲ್ಲಿ ತೀರ್ಮಾನಿಸಬೇಡಿ. ಸಾಲದವರ ಒತ್ತಡದಿಂದ ತೀರ್ಮಾನಿಸಲೇಬೇಕಾದರೆ ಒಬ್ಬರೇ ಸಹಿ ಹಾಕದೆ, ಲೆಕ್ಕ ಬಲ್ಲ ಇಬ್ಬರನ್ನು ಕೂರಿಸಿಕೊಳ್ಳಿ.

ದಿನವೂ ಪ್ರಾರ್ಥಿಸಿದರೂ ಒಳಗೆ ಏನೂ ಅನ್ನಿಸದ ತಿಂಗಳುಗಳು ಬರುತ್ತವೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡು ಹತ್ತು ವರ್ಷಗಳ ಬಳಿಕ ಪ್ರಕಟವಾದ ಅವರ ಪತ್ರಗಳಿಂದ, ಕೋಲ್ಕತ್ತದ ಬೀದಿಗಳಲ್ಲಿ ದುಡಿದ ದಶಕಗಳ ಉದ್ದಕ್ಕೂ ಅವರಿಗೆ ದೇವರ ಸಾನ್ನಿಧ್ಯದ ಅನುಭವ ಬಹುಮಟ್ಟಿಗೆ ಇರಲಿಲ್ಲವೆಂದು ಜಗತ್ತಿಗೆ ತಿಳಿಯಿತು. ಆದರೂ ಅವರು ಬೆಳಿಗ್ಗೆ ಎದ್ದು ಪೂಜೆಗೆ ಹೋಗುತ್ತಿದ್ದರು, ಆಮೇಲೆ ರೋಗಿಗಳ ಬಳಿಗೆ ಹೋಗುತ್ತಿದ್ದರು. ಮಾಳದಲ್ಲಿ ಕುಳಿತವನಿಗೆ ನಡುರಾತ್ರಿಯಲ್ಲಿ ಬೆಳಕಿನ ಸುಳಿವು ಕಾಣದಿದ್ದರೆ ಅದು ಅವನ ಕಣ್ಣಿನ ದೋಷವಲ್ಲ.

ಸಂಜೆಯ ಮೂರು ಸಾಲು

ಗೋಳು ಬರೆದ ಅದೇ ಪುಸ್ತಕದ ಹಿಂಬದಿಯಿಂದ ಇನ್ನೊಂದು ಬರವಣಿಗೆಯನ್ನು ಆರಂಭಿಸಿ. ಮಲಗುವ ಮೊದಲು ಆ ದಿನ ಸಿಕ್ಕಿದ್ದು ಒಂದು ಸಾಲು, ಕಳೆದದ್ದು ಒಂದು ಸಾಲು, ನಾಳೆಗೆ ಬೇಡುವುದು ಒಂದು ಸಾಲು. ಸಿಕ್ಕಿದ್ದು ಎಷ್ಟೇ ಸಣ್ಣದಿರಲಿ, ಕಂಡದ್ದೇ ಇರಲಿ: ಕರು ಎದ್ದು ನಿಂತಿತು, ಅತ್ತಿಗೆ ಇವತ್ತು ಸಾರಿಗೆ ಒಗ್ಗರಣೆ ಹಾಕಿದರು.

ಹಬಕ್ಕೂಕನೆಂಬ ಪ್ರವಾದಿಯ ಪುಟ್ಟ ಗ್ರಂಥದ ಕೊನೆಯಲ್ಲಿ ಒಬ್ಬ ರೈತನ ನಷ್ಟದ ಪಟ್ಟಿಯೇ ಇದೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲಿಸಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲ ಬೆಳೆಯಲಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆದರೂ ನಾನು ದೇವರಲ್ಲಿ ಸಂತೋಷಿಸುವೆನು ಎಂದು ಅವನು ಹೇಳುತ್ತಾನೆ. ಆರು ನಷ್ಟಗಳನ್ನೂ ಹೆಸರಿಟ್ಟು ಹೇಳಿದ ಮೇಲೆ ಬರುವ ಆ ಆದರೂ ಎಂಬ ಪದಕ್ಕೆ ತೂಕವಿದೆ. ನಷ್ಟವನ್ನು ಮುಚ್ಚಿಟ್ಟು ಮಾಡುವ ಸ್ತೋತ್ರಕ್ಕೆ ಆ ತೂಕ ಬರುವುದಿಲ್ಲ. 2022ರ ಸೆಪ್ಟೆಂಬರ್ 8ರಂದು, ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸುವ ತೆನೆಹಬ್ಬಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅಣ್ಣನ ಕಿರಿಯ ಮಗಳು ಮಾತ್ರ ಒಂಬತ್ತು ದಿನವೂ ಬೇಲಿಯ ಹೂ ಕೊಯ್ದು ತಟ್ಟೆ ತುಂಬಿಕೊಂಡು ಮಾತೆಯ ಪ್ರತಿಮೆಗೆ ಹಾಕಿ ಬಂದಳು. ಹಬ್ಬದ ದಿನ ಆಶೀರ್ವಾದದ ಹಸಿ ತೆನೆಯನ್ನು ತಂದು, ನಾಲ್ಕು ಕಾಳು ಸುಲಿದು ಪಾಯಸದಲ್ಲಿ ಬೆರೆಸಿ, ನಾವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು. ಆ ರಾತ್ರಿ ನಾನು ಬರೆದ ಮೊದಲ ಸಾಲು ಆ ಕಾಳುಗಳದ್ದು.

ಇನ್ನೊಂದು ಮನೆಯ ಜಗಲಿ

ಕೊನೆಯ ಹೆಜ್ಜೆಗೆ ಪೂರ್ತಿ ಗುಣವಾಗುವವರೆಗೆ ಕಾಯಬೇಕಾಗಿಲ್ಲ. ದೇವರು ನಮ್ಮನ್ನು ಸಂತೈಸುವುದು ನಾವು ಬೇರೆ ಸಂಕಟದಲ್ಲಿರುವವರನ್ನು ಸಂತೈಸಲು ಶಕ್ತರಾಗಲೆಂದು ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿಯೇ ಹೇಳುತ್ತಾನೆ. ಒಂದಿಷ್ಟು ನಿದ್ರೆ ಬಂದು, ಒಂದಿಷ್ಟು ಮಾತು ಹೊರಟ ಮೇಲೆ, ನಿಮ್ಮಂಥದೇ ನೋವಿರುವ ಒಂದು ಮನೆಯನ್ನು ಆರಿಸಿಕೊಳ್ಳಿ. ಆ ಮನೆಯವರು ಕ್ರೈಸ್ತರೇ ಆಗಿರಬೇಕಾಗಿಲ್ಲ. ಅವರನ್ನು ನಿಮ್ಮ ನಂಬಿಕೆಗೆ ಒಲಿಸಲು ಹೋಗುವ ಭೇಟಿಯೂ ಇದಲ್ಲ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಒಂದು ಹಿಡಿ ಬಸಳೆಯನ್ನೋ ನಾಲ್ಕು ಬಾಳೆಕಾಯಿಯನ್ನೋ ಹಿಡಿದುಕೊಂಡು ಹೋಗಿ. ಯೋಬನ ಗೆಳೆಯರು ಮಾಡಿದ್ದರಲ್ಲಿ ಸರಿಯಾದದ್ದು ಮೊದಲ ಏಳು ದಿನ. ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆ‌ಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ನೀವೂ ಜಗಲಿಯಲ್ಲಿ ಕುಳಿತುಕೊಳ್ಳಿ. ಸತ್ತವರ ಹೆಸರನ್ನು ಬಾಯಿಗೆ ತರಲು ಹೆದರಬೇಡಿ, ಹೆಸರು ಕೇಳಿ ಅವರು ಅತ್ತರೆ ಅಳಲಿ. ನಿಮ್ಮ ಕಥೆಯನ್ನು ಅವರು ಕೇಳಿದರೆ ಮಾತ್ರ ಹೇಳಿ. ಅಡಿಕೆ ರಾಶಿ ಎದುರಿಗಿದ್ದರೆ ಮಾತಿಲ್ಲದೆ ಕತ್ತಿಯ ಮುಂದೆ ಕುಳಿತು ಅವರ ಜೊತೆ ಸುಲಿಯಿರಿ.

ಎದ್ದು ಬರುವಾಗ, ಏನಾದರೂ ಬೇಕಿದ್ದರೆ ಹೇಳಿ ಎಂದು ಮಾತ್ರ ಹೇಳಿ ಬರಬೇಡಿ. ದುಃಖದಲ್ಲಿರುವವರು ಹೇಳುವುದಿಲ್ಲ. ಗುರುವಾರ ಸಂಜೆ ಹಾಲು ಡೈರಿಗೆ ಹಾಕಿ ಇದೇ ದಾರಿಯಲ್ಲಿ ಬರುತ್ತೇನೆ ಎಂದು ದಿನವನ್ನೂ ಹೊತ್ತನ್ನೂ ಹೇಳಿ ಬನ್ನಿ. ಗುರುವಾರ ಎಷ್ಟೇ ಮಳೆಯಿದ್ದರೂ ಹೋಗಿ.